ಸ್ಟೋರೇಜ್ ಷೇರುಗಳ ಓಟ: ಡ್ರೈವ್ ಬಗ್ಗೆ ವಾದ ಮಾಡೋರು ಷೇರು ಎಣಿಸೋದು ಯಾವಾಗ?

2025ರಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕದಲ್ಲಿ ಅತಿ ಹೆಚ್ಚು ಏರಿದ ಷೇರುಗಳ ಪಟ್ಟಿ ನೋಡಿದವರಿಗೆ ಒಂದು ಆಶ್ಚರ್ಯ ಕಾದಿತ್ತು. ಮುಂಚೂಣಿಯಲ್ಲಿದ್ದದ್ದು ಎಐ ಚಾಟ್‌ಬಾಟ್ ಮಾಡುವ ಕಂಪನಿಗಳಲ್ಲ. ಹಾರ್ಡ್ ಡಿಸ್ಕ್ ಮತ್ತು ಮೆಮೊರಿ ಮಾಡುವ ಹಳೇ ಹೆಸರುಗಳು: ಸ್ಯಾನ್‌ಡಿಸ್ಕ್, ವೆಸ್ಟರ್ನ್ ಡಿಜಿಟಲ್, ಸೀಗೇಟ್. ಕಾರಣ ಸರಳ. ಎಐ ಡೇಟಾ ಸೆಂಟರ್‌ಗಳು ನುಂಗುವ, ಉಗುಳುವ ದತ್ತಾಂಶವನ್ನೆಲ್ಲ ಎಲ್ಲಾದರೂ ಇಡಲೇಬೇಕು. ಇಡುವ ಜಾಗ ಮಾಡಿಕೊಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ. ಹಾರ್ಡ್ ಡಿಸ್ಕ್ ವಿಷಯಕ್ಕೆ ಬಂದರೆ ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಬಿಟ್ಟರೆ ನಾಲ್ಕನೆಯವರೇ ಇಲ್ಲ.

ಇದು ದೂರದ ಅಮೆರಿಕದ ಕಥೆ ಮಾತ್ರ ಅಲ್ಲ. ವೆಸ್ಟರ್ನ್ ಡಿಜಿಟಲ್ ಮತ್ತು ಸ್ಯಾನ್‌ಡಿಸ್ಕ್ ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಅಲ್ಲಿನವರಿಗೆ ಸಂಬಳದ ಜೊತೆ ಕಂಪನಿಯ ಷೇರೂ ಸಿಗುತ್ತೆ. ಅದಲ್ಲದೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ವ್ಯವಸ್ಥೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದಾದ್ದರಿಂದ, ಮೊಬೈಲ್ ಆಪ್ ಮೂಲಕ ಅಮೆರಿಕದ ಷೇರು ಕೊಳ್ಳುವ ಕನ್ನಡಿಗರೂ ಕಡಿಮೆ ಏನಿಲ್ಲ.

ಇಂಥ ಗೆಳೆಯರ ಮಾತು ನಾನು ಈಚೆಗೆ ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ. ಮಾತೆಲ್ಲ ತಂತ್ರಜ್ಞಾನದ್ದೇ. ಲೇಸರ್‌ನಿಂದ ಬಿಸಿ ಮಾಡಿ ಬರೆಯುವ ಸೀಗೇಟ್‌ನ ಹ್ಯಾಮರ್ ತಂತ್ರ ಗೆಲ್ಲುತ್ತಾ, ಅಥವಾ ಹಳೇ ವಿಧಾನವನ್ನೇ ಹಿಗ್ಗಿಸಿ ಹಿಗ್ಗಿಸಿ 30 ಟೆರಾಬೈಟ್ ದಾಟಿಸಿದ ವೆಸ್ಟರ್ನ್ ಡಿಜಿಟಲ್ ಜಾಣನಾ? ತಿರುಗುವ ಡಿಸ್ಕ್‌ಗೆ ಇನ್ನೆಷ್ಟು ಆಯಸ್ಸು, ಎಸ್‌ಎಸ್‌ಡಿ ಅದನ್ನ ನುಂಗೋದು ಯಾವಾಗ? ಒಳ್ಳೆಯ ಪ್ರಶ್ನೆಗಳೇ. ಆದರೆ "ಆ ಕಂಪನಿಯದ್ದು ಒಟ್ಟು ಎಷ್ಟು ಷೇರು ಇದೆ? ಮೂರು ವರ್ಷದ ಹಿಂದೆ ಎಷ್ಟಿತ್ತು?" ಅಂತ ಕೇಳಿದರೆ ಮಾತು ನಿಂತುಬಿಡುತ್ತೆ.

ನನ್ನ ವಾದ ಇಷ್ಟೇ. ಸ್ಟೋರೇಜ್ ಉದ್ಯಮದಲ್ಲಿ ಸಣ್ಣ ಹೂಡಿಕೆದಾರರು ದುಡ್ಡು ಕಳೆದುಕೊಳ್ಳೋದು ಬರೀ ತಪ್ಪು ಡ್ರೈವ್ ಆರಿಸಿಕೊಂಡಿದ್ದಕ್ಕಲ್ಲ. ಡ್ರೈವ್ ಮಾಡಲು ಬೇಕಾದ ಹಣವನ್ನು ಕಂಪನಿ ಯಾರಿಂದ, ಯಾವ ಷರತ್ತಿನ ಮೇಲೆ ತಂದಿತು ಅಂತ ನೋಡದೇ ಇದ್ದದ್ದಕ್ಕೂ ಹೌದು. ಇದನ್ನು ತೋರಿಸಿಕೊಡುವ ಕಥೆಯೊಂದು ಇದೇ ಉದ್ಯಮದಲ್ಲಿ ಮೂವತ್ತು ವರ್ಷದ ಹಿಂದೆ ನಡೆದಿದೆ.

ಸಾರಿಗೆ ನೀರು

ಮೊದಲು ಡೈಲ್ಯೂಷನ್ ಅಂದ್ರೇನು ಅಂತ ನೋಡೋಣ. ಹತ್ತು ಜನಕ್ಕೆ ಅಂತ ಸಾರು ಮಾಡಿದ್ದೀರಿ. ಊಟದ ಹೊತ್ತಿಗೆ ಇನ್ನೂ ಹತ್ತು ಜನ ಬಂದರು. ಎರಡು ಚೊಂಬು ನೀರು ಹಾಕಿ ಹೊಂದಿಸ್ತೀರಿ. ಎಲ್ಲರಿಗೂ ಒಂದೊಂದು ಸೌಟು ಸಿಗುತ್ತೆ, ಆದರೆ ಸೌಟಿನಲ್ಲಿ ಇರೋದು ಮೊದಲಿನ ಸಾರಲ್ಲ. ಕಂಪನಿ ಹೊಸ ಷೇರು ಹೊರಡಿಸಿದಾಗ ಹಳೇ ಷೇರುದಾರರಿಗೆ ಆಗೋದು ಇದೇ. ಕೈಲಿರುವ ಷೇರಿನ ಸಂಖ್ಯೆ ಅಷ್ಟೇ ಇರುತ್ತೆ, ಕಂಪನಿಯಲ್ಲಿ ಇರುವ ಪಾಲು ತೆಳ್ಳಗಾಗಿರುತ್ತೆ.

ಹಾಗಂತ ಹೊಸ ಷೇರು ಅಂದಕೂಡಲೇ ಮೋಸ ಅಂತ ಅಲ್ಲ. ಬಂದ ಹತ್ತು ಜನ ತಮ್ಮ ಪಾಲಿನ ಬೇಳೆ, ತರಕಾರಿ ತಾವೇ ತಂದಿದ್ದರೆ ಸಾರು ತೆಳ್ಳಗಾಗಲ್ಲ. ಕಂಪನಿ ನ್ಯಾಯವಾದ ಬೆಲೆಗೆ ಷೇರು ಮಾರಿ, ಆ ದುಡ್ಡಲ್ಲಿ ಲಾಭ ತರುವ ಕಾರ್ಖಾನೆ ಕಟ್ಟಿದರೆ ಹಳಬರಿಗೂ ಒಳ್ಳೇದೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಮೂರು: ಬಂದವರು ಎಷ್ಟು ತಂದರು? ಯಾವ ಬೆಲೆಗೆ ಒಳಗೆ ಬಂದರು? ತಂದದ್ದು ಎಲ್ಲಿಗೆ ಹೋಯಿತು?

ಜಿಪ್ ಮತ್ತು ಇಝಡ್: 1995ರ ಜಿದ್ದು

ತೊಂಬತ್ತರ ದಶಕದ ಡಿಟಿಪಿ ಅಂಗಡಿಗಳನ್ನು ಕಂಡವರಿಗೆ ಜಿಪ್ ಡ್ರೈವ್ ನೆನಪಿರಬಹುದು. ಒಂದು ಫ್ಲಾಪಿಯಲ್ಲಿ 1.44 ಎಂಬಿ ಹಿಡಿಯುತ್ತಿದ್ದ ಕಾಲದಲ್ಲಿ, ಅಂಗೈಯಗಲದ ಒಂದು ಡಿಸ್ಕ್‌ನಲ್ಲಿ 100 ಎಂಬಿ! ಪುಟ ವಿನ್ಯಾಸದ ಫೈಲನ್ನು ಪ್ರೆಸ್‌ಗೆ ಒಯ್ಯಲು ಅದೊಂದು ವರದಾನ. ಅದನ್ನು ಮಾಡಿದ್ದು ಅಮೆರಿಕದ ಯೂಟಾ ರಾಜ್ಯದ ರಾಯ್ ಎಂಬ ಊರಿನ ಐಯೊಮೆಗಾ ಕಂಪನಿ. 1995ರಲ್ಲಿ ಮಾರುಕಟ್ಟೆಗೆ ಬಂತು, ಡ್ರೈವಿನ ಬೆಲೆ 199 ಡಾಲರ್.

ಐಯೊಮೆಗಾಗೆ ಎದುರಾಳಿ ಕ್ಯಾಲಿಫೋರ್ನಿಯಾದ ಸೈಕ್ವೆಸ್ಟ್. 1982ರಲ್ಲಿ ಅದನ್ನು ಶುರು ಮಾಡಿದ್ದು ಸೈಯದ್ ಇಫ್ತಿಕಾರ್. ಅದಕ್ಕೂ ಮೊದಲು ಸೀಗೇಟ್ ಸ್ಥಾಪಿಸಿದ ಐವರಲ್ಲಿ ಅವರೂ ಒಬ್ಬರು. ಜಿಪ್ ಬರುವ ತನಕ ಆ್ಯಪಲ್ ಮ್ಯಾಕ್ ಇಟ್ಟುಕೊಂಡು ಪುಟ ವಿನ್ಯಾಸ ಮಾಡುವವರ ಲೋಕದಲ್ಲಿ ಸೈಕ್ವೆಸ್ಟ್ ಕಾರ್ಟ್ರಿಜ್‌ದೇ ರಾಜ್ಯಭಾರ. ಜಿಪ್‌ಗೆ ಉತ್ತರವಾಗಿ ಅದೇ 1995ರಲ್ಲಿ ಸೈಕ್ವೆಸ್ಟ್ ಇಝಡ್135 ಬಿಟ್ಟಿತು. ಬೆಲೆ 239 ಡಾಲರ್. ಹಿಡಿಯುತ್ತಿದ್ದದ್ದು 135 ಎಂಬಿ. ಜಿಪ್‌ನೊಳಗೆ ಇದ್ದದ್ದು ಫ್ಲಾಪಿ ಥರದ ಬಾಗುವ ತಟ್ಟೆ. ಇಝಡ್‌ನೊಳಗೆ ಹಾರ್ಡ್ ಡಿಸ್ಕ್ ಥರದ ಗಟ್ಟಿ ತಟ್ಟೆ. ಹಾಗಾಗಿ ವೇಗ ಇಝಡ್‌ಗೇ ಹೆಚ್ಚು.

ಹೂಡಿಕೆದಾರರು ಎರಡು ಬಣವಾದರು. ಐಯೊಮೆಗಾ ಬಣದವರ ಉತ್ಸಾಹ ಎಷ್ಟಿತ್ತೆಂದರೆ, ಗಾರ್ಡ್ನರ್ ಸೋದರರ 'ಮಾಟ್ಲಿ ಫೂಲ್' ಅನ್ನು ಹಿಂಬಾಲಿಸುತ್ತಿದ್ದ ಸಣ್ಣ ಹೂಡಿಕೆದಾರರು ವಾರಾಂತ್ಯದಲ್ಲಿ ರಾಯ್‌ನ ಕಾರ್ಖಾನೆ ಮುಂದೆ ಹೋಗಿ, ನಿಲ್ಲಿಸಿದ್ದ ಕಾರುಗಳನ್ನು ಎಣಿಸಿ ಬಂದು ವರದಿ ಮಾಡುತ್ತಿದ್ದರು. ರಜಾ ದಿನವೂ ಕಾರು ತುಂಬಿದ್ದರೆ ಬೇಡಿಕೆ ಜೋರಾಗಿದೆ ಅಂತ ಅರ್ಥ. ಲೆಕ್ಕ ತಪ್ಪೇನೂ ಆಗಿರಲಿಲ್ಲ. ಜಿಪ್ ನಿಜಕ್ಕೂ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಷೇರು 1996ರ ಮೇ ತಿಂಗಳಲ್ಲಿ ತುದಿ ಮುಟ್ಟಿತು. ಸೈಕ್ವೆಸ್ಟ್ ಬಣದವರ ವಾದ ಬೇರೆ: "ನಮ್ಮ ಡ್ರೈವ್ ವೇಗ, ಜಾಗ ಎರಡರಲ್ಲೂ ಮುಂದೆ. ಷೇರು ಅಗ್ಗಕ್ಕೆ ಸಿಗ್ತಿದೆ. ಜನಕ್ಕೆ ಇವತ್ತಲ್ಲ ನಾಳೆ ಗೊತ್ತಾಗುತ್ತೆ." ಅವರ ಮಾತಲ್ಲೂ ಸುಳ್ಳಿರಲಿಲ್ಲ. ಆದರೆ ಡ್ರೈವ್ ಒಳ್ಳೇದಿದ್ದರೆ ಷೇರುದಾರನಿಗೂ ಒಳ್ಳೇದಾಗಬೇಕು ಅಂತೇನಿಲ್ಲ.

ಎರಡು ಕಂಪನಿ, ಎರಡು ಥರದ ಹಣ

ಡ್ರೈವ್ ವ್ಯಾಪಾರದ ಒಳಗುಟ್ಟು ಹೀಗಿದೆ. ಡ್ರೈವನ್ನು ಕಡಿಮೆ ಬೆಲೆಗೆ ಕೊಟ್ಟು ಜನರ ಮನೆ ತುಂಬಿಸಬೇಕು, ಆಮೇಲೆ ಅವರು ಕೊಳ್ಳುವ ಡಿಸ್ಕ್‌ಗಳಲ್ಲಿ ಲಾಭ ತೆಗೀಬೇಕು. ರೇಜರ್ ಅಗ್ಗ, ಬ್ಲೇಡ್ ದುಬಾರಿ. ಆ ಲಾಭ ಬರುವ ತನಕ ಕಾರ್ಖಾನೆ, ಬಿಡಿಭಾಗ, ಜಾಹೀರಾತು ಎಲ್ಲಕ್ಕೂ ಕೈಯಿಂದ ಸುರಿಯಬೇಕು. ಅಂದರೆ ಎರಡೂ ಕಂಪನಿಗೂ ಹೊರಗಿನ ಹಣ ಬೇಕೇ ಬೇಕಿತ್ತು.

ಐಯೊಮೆಗಾ 1996ರಲ್ಲಿ ಷೇರು ಎತ್ತರದಲ್ಲಿದ್ದಾಗಲೇ ಪರಿವರ್ತನೀಯ ಸಾಲಪತ್ರ ಮತ್ತು ಹೊಸ ಷೇರು ಮಾರಿತು. ಡೈಲ್ಯೂಷನ್ ಆಯಿತು, ನಿಜ. ಆದರೆ ಎತ್ತರದ ಬೆಲೆಗೆ ಮಾರಿದ್ದರಿಂದ ಕಡಿಮೆ ಷೇರಿಗೆ ಹೆಚ್ಚು ಹಣ ಬಂತು. ಬಂದವರು ಬೇಳೆ ತಂದಿದ್ದರು.

ಸೈಕ್ವೆಸ್ಟ್‌ಗೆ ಆ ಭಾಗ್ಯ ಇರಲಿಲ್ಲ. 1996ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಅದರ ನಷ್ಟ ಸುಮಾರು 13.6 ಕೋಟಿ ಡಾಲರ್. ಇಫ್ತಿಕಾರ್ ಅದೇ ವರ್ಷ ಮುಖ್ಯಸ್ಥನ ಹುದ್ದೆಯಿಂದ ಇಳಿದರು. ಬ್ಯಾಂಕು ಹತ್ತಿರ ಸೇರಿಸಲ್ಲ, ಸಾಮಾನ್ಯ ಹೂಡಿಕೆದಾರ ಹೊಸ ಷೇರು ಕೊಳ್ಳಲ್ಲ. ಆಗ ಕಂಪನಿ ಮೊರೆ ಹೋದದ್ದು ಪರಿವರ್ತನೀಯ ಆದ್ಯತಾ ಷೇರಿಗೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಅಲ್ಲಿ ಒಂದು ಸಣ್ಣ ಷರತ್ತಿತ್ತು: ಆದ್ಯತಾ ಷೇರನ್ನು ಸಾಮಾನ್ಯ ಷೇರಾಗಿ ಬದಲಿಸಿಕೊಳ್ಳುವ ಬೆಲೆ ನಿಗದಿಯಾದ ಒಂದು ಅಂಕಿ ಅಲ್ಲ. ಬದಲಿಸುವ ದಿನದ ಮಾರುಕಟ್ಟೆ ಬೆಲೆಗೆ ಅದನ್ನು ಕಟ್ಟಿ, ಮೇಲೆ ಇಂತಿಷ್ಟು ರಿಯಾಯಿತಿ ಕೊಡಲಾಗಿತ್ತು.

ಕೇಳಲು ಸಾಧುವಾಗಿದೆ ಅಲ್ವಾ? ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ.

ಕಂಪನಿಯದ್ದು ಒಟ್ಟು 1 ಕೋಟಿ ಷೇರು, ಬೆಲೆ 10 ಡಾಲರ್. ಒಬ್ಬ ಹೂಡಿಕೆದಾರ 2 ಕೋಟಿ ಡಾಲರ್ ಕೊಡುತ್ತಾನೆ. ಷರತ್ತು: ಮಾರುಕಟ್ಟೆ ಬೆಲೆಗಿಂತ ಶೇ. 20 ಕಡಿಮೆಗೆ ಷೇರು. ಬೆಲೆ 10 ಡಾಲರ್ ಇರುವಾಗ ಬದಲಿಸಿಕೊಂಡರೆ 8 ಡಾಲರಿನಂತೆ 25 ಲಕ್ಷ ಷೇರು ಸಿಗುತ್ತೆ. ಬೆಲೆ 4ಕ್ಕೆ ಇಳಿದರೆ 62.5 ಲಕ್ಷ. 2ಕ್ಕೆ ಇಳಿದರೆ 1.25 ಕೋಟಿ, ಅಂದರೆ ಮೊದಲು ಇದ್ದ ಒಟ್ಟು ಷೇರಿಗಿಂತಲೂ ಹೆಚ್ಚು! ಬೆಲೆ ಎಷ್ಟು ಬಿದ್ದರೂ ಅವನ 2 ಕೋಟಿಗೆ ಪೆಟ್ಟಿಲ್ಲ. ಹಳೇ ಷೇರುದಾರನ ಪಾಲು ಮಾತ್ರ ಕರಗುತ್ತಾ ಹೋಗುತ್ತೆ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಬೆಲೆ ಬಿದ್ದಷ್ಟೂ ಹೆಚ್ಚು ಷೇರು ಸಿಗುತ್ತೆ ಅಂದಮೇಲೆ, ಅಂಥವನಿಗೆ ಬೆಲೆ ಬೀಳಿಸೋದರಲ್ಲೇ ಲಾಭ. ಇಲ್ಲದ ಷೇರನ್ನು ಮೊದಲೇ ಶಾರ್ಟ್ ಮಾಡಿ ಮಾರಿ, ಆಮೇಲೆ ಆದ್ಯತಾ ಷೇರು ಬದಲಿಸಿಕೊಂಡು ಅದರಿಂದ ಚುಕ್ತಾ ಮಾಡಬಹುದು. ಮಾರಾಟದ ಒತ್ತಡಕ್ಕೆ ಬೆಲೆ ಬೀಳುತ್ತೆ, ಬಿದ್ದದ್ದಕ್ಕೆ ಹೆಚ್ಚು ಷೇರು ಹುಟ್ಟುತ್ತೆ, ಹುಟ್ಟಿದ್ದು ಮತ್ತೆ ಮಾರುಕಟ್ಟೆಗೆ ಬಂದು ಬೆಲೆ ಇನ್ನೂ ಬೀಳುತ್ತೆ. ಅಮೆರಿಕದ ಮಾರುಕಟ್ಟೆ ಭಾಷೆಯಲ್ಲಿ ಇದಕ್ಕೆ 'ಡೆತ್ ಸ್ಪೈರಲ್' ಅಂತಲೇ ಹೆಸರು, ಸಾವಿನ ಸುಳಿ.

ಸೈಕ್ವೆಸ್ಟ್‌ನ ಷೇರು ಸಂಖ್ಯೆ ಎರಡೇ ವರ್ಷದಲ್ಲಿ ಹಲವು ಪಟ್ಟು ಬೆಳೆಯಿತು. ಅದೇ ಹೊತ್ತಿಗೆ ಡ್ರೈವ್‌ಗಳೂ ಸುಧಾರಿಸಿದ್ದವು. 1.5 ಜಿಬಿಯ ಸೈಜೆಟ್ ಬಂತು. 1998ರಲ್ಲಿ 1 ಜಿಬಿಯ ಸ್ಪಾರ್ಕ್ ಬರೀ 199 ಡಾಲರಿಗೆ ಬಂತು. ಹೊಗಳಿಕೆಯೂ ಸಿಕ್ಕಿತು. ಆದರೆ ಬೆಲೆ ಅಷ್ಟು ಕಡಿಮೆ ಇಟ್ಟು ಮಾರುವ ನಷ್ಟವನ್ನು ತುಂಬಿಸುತ್ತಿದ್ದದ್ದು ಷೇರು ಮಾರಿದ ದುಡ್ಡು. ಅಂದರೆ ಅಂಗಡಿಯಲ್ಲಿ ಗ್ರಾಹಕನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಟ್ಟುತ್ತಿದ್ದವನು ಹಳೇ ಷೇರುದಾರ! 1998ರ ನವೆಂಬರ್‌ನಲ್ಲಿ ಸೈಕ್ವೆಸ್ಟ್ ಬಾಗಿಲು ಹಾಕಿ, ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮರುವರ್ಷ ಅದರ ಆಸ್ತಿಯ ಒಂದಷ್ಟು ಭಾಗ ಕೊಂಡದ್ದು ಬೇರಾರೂ ಅಲ್ಲ, ಐಯೊಮೆಗಾ.

ಗೆದ್ದವರ ಕಥೆಯೂ ಸುಖಾಂತ್ಯವೇನಲ್ಲ. ಜಿಪ್ ಡ್ರೈವ್‌ಗೆ 'ಕ್ಲಿಕ್ ಆಫ್ ಡೆತ್' ಎಂಬ ದೋಷದ ಅಪಖ್ಯಾತಿ ಅಂಟಿತು, ಬರೆಯಬಹುದಾದ ಸಿಡಿ ಅಗ್ಗವಾಯಿತು, ಆಮೇಲೆ ಪೆನ್ ಡ್ರೈವ್ ಬಂತು. ಒಂದು ಕಾಲಕ್ಕೆ ನೂರಾರು ಕೋಟಿ ಡಾಲರ್ ಬಾಳುತ್ತಿದ್ದ ಐಯೊಮೆಗಾವನ್ನು 2008ರಲ್ಲಿ ಇಎಂಸಿ ಕಂಪನಿ ಕೊಂಡದ್ದು 21.3 ಕೋಟಿ ಡಾಲರಿಗೆ. ಜಿಪ್ಪೋ ಇಝಡ್ಡೋ ಅಂತ ಕಿತ್ತಾಡಿದವರಿಬ್ಬರೂ ಮೂರನೆಯವನ ಕೈಲಿ ಸೋತರು. ಆದರೆ ಒಂದು ವ್ಯತ್ಯಾಸ ಮರೆಯಬಾರದು: ಐಯೊಮೆಗಾ ಷೇರುದಾರನಿಗೆ ಹೊರಗೆ ನಡೆಯಲು ಹತ್ತು ವರ್ಷ ಸಮಯ ಸಿಕ್ಕಿತ್ತು. ಸೈಕ್ವೆಸ್ಟ್‌ನವನಿಗೆ ಅದೂ ಸಿಗಲಿಲ್ಲ.

ಇವತ್ತಿನ ಓಟದಲ್ಲಿ ಏನಿದೆ?

ಈಗ 2023ಕ್ಕೆ ಬನ್ನಿ. ಇವತ್ತು ಆಕಾಶದಲ್ಲಿರುವ ಕಂಪನಿಗಳು ಅವತ್ತು ನೆಲ ಕಚ್ಚಿದ್ದವು. ಆ ವರ್ಷದ ಜೂನ್‌ಗೆ ಮುಗಿದ ಆರ್ಥಿಕ ವರ್ಷದಲ್ಲಿ ವೆಸ್ಟರ್ನ್ ಡಿಜಿಟಲ್ ಸುಮಾರು 170 ಕೋಟಿ ಡಾಲರ್ ಕಳೆದುಕೊಂಡಿತ್ತು, ಸೀಗೇಟ್ ಸುಮಾರು 53 ಕೋಟಿ. ಹತ್ತು ವರ್ಷದಲ್ಲಿ ತನ್ನ ಷೇರನ್ನು ತಾನೇ ಮರಳಿ ಕೊಂಡು ಷೇರು ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದ್ದ ಸೀಗೇಟ್ ಕೂಡ ಹಣಕ್ಕಾಗಿ ಹೊರಗೆ ಕೈಚಾಚಬೇಕಾಯಿತು.

ಜನವರಿ 2023ರಲ್ಲಿ ವೆಸ್ಟರ್ನ್ ಡಿಜಿಟಲ್, ಅಪೊಲೊ ಮತ್ತು ಎಲಿಯಟ್ ಎಂಬ ದೊಡ್ಡ ಹೂಡಿಕೆ ಸಂಸ್ಥೆಗಳಿಗೆ 90 ಕೋಟಿ ಡಾಲರಿನ ಪರಿವರ್ತನೀಯ ಆದ್ಯತಾ ಷೇರು ಮಾರಿತು. ನವೆಂಬರ್‌ನಲ್ಲಿ 160 ಕೋಟಿಯ ಪರಿವರ್ತನೀಯ ಸಾಲಪತ್ರ. ನಡುವೆ ಸೆಪ್ಟೆಂಬರ್‌ನಲ್ಲಿ ಸೀಗೇಟ್ 150 ಕೋಟಿಯದ್ದು. ಇವನ್ನು ಕಂಡು ಸೈಕ್ವೆಸ್ಟ್ ನೆನಪಾಗಿ ಗಾಬರಿ ಬೀಳಬೇಕಿಲ್ಲ. ಯಾಕೆಂದರೆ ಇಲ್ಲಿ ಪರಿವರ್ತನೆಯ ಬೆಲೆ ಮೊದಲೇ ನಿಗದಿ. ಅಪೊಲೊ ಗುಂಪಿನದ್ದು 47.75 ಡಾಲರ್, ಸೀಗೇಟ್‌ನದ್ದು ಸುಮಾರು 82.5 ಡಾಲರ್, ಎರಡೂ ಅಂದಿನ ಮಾರುಕಟ್ಟೆ ಬೆಲೆಗಿಂತ ಮೇಲೆ.

ಸೀಗೇಟ್ ಲೆಕ್ಕವನ್ನೇ ಮಾಡಿ ನೋಡೋಣ. 150 ಕೋಟಿಯನ್ನು 82.5ರಿಂದ ಭಾಗಿಸಿದರೆ ಸುಮಾರು 1.8 ಕೋಟಿ ಷೇರು. ಸಾಲಪತ್ರದ ಷರತ್ತಿನ ಪ್ರಕಾರ ಅಸಲನ್ನು ನಗದಿನಲ್ಲೇ ತೀರಿಸಬೇಕು. ಅದಕ್ಕಿಂತ ಮೇಲಿನ ಬೆಲೆಯನ್ನು ಷೇರಾಗಿ ಕೊಡಬಹುದು. ಷೇರಿನ ಬೆಲೆ 250 ಡಾಲರ್ ಅಂತಿಟ್ಟುಕೊಳ್ಳಿ. 1.8 ಕೋಟಿ ಷೇರಿನ ಬೆಲೆ ಸುಮಾರು 450 ಕೋಟಿ, ಅಸಲು 150 ಕಳೆದರೆ 300 ಕೋಟಿ, ಅಂದರೆ 1.2 ಕೋಟಿ ಹೊಸ ಷೇರು. ಕಂಪನಿಯ ಒಟ್ಟು ಷೇರು ಸುಮಾರು 21 ಕೋಟಿ. ನೂರಕ್ಕೆ ಆರು ಪಾಲಿನಷ್ಟು ಸಾರು ತೆಳ್ಳಗಾಯಿತು. ಬೆಲೆ ಇನ್ನೆಷ್ಟೇ ಏರಿದರೂ ಹೊಸ ಷೇರು 1.8 ಕೋಟಿ ದಾಟಲ್ಲ. ಸುಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಅಲ್ಲಿ ಬೆಲೆ ಬಿದ್ದಷ್ಟೂ ಷೇರು ಹುಟ್ಟುತ್ತೆ, ಮಿತಿಯಿಲ್ಲ. ಇಲ್ಲಿ ಬೆಲೆ ಏರಿದಾಗ ಮಾತ್ರ ಹುಟ್ಟುತ್ತೆ, ಮಿತಿಯಿದೆ.

ಹಾಗಿದ್ದರೂ ಒಂದು ಕಹಿ ಸತ್ಯ ಉಳಿಯುತ್ತೆ. ಕಂಪನಿಗೆ ಹಣ ಬೇಕಾಗೋದು ಕಷ್ಟಕಾಲದಲ್ಲಿ, ಷೇರು ಅಗ್ಗವಾಗಿದ್ದಾಗ. ಬಿಲ್ ಬರೋದು ಒಳ್ಳೇ ಕಾಲದಲ್ಲಿ. 2023ರ ಹಸಿವಿಗೆ ಮಾಡಿದ ಕೈಸಾಲವನ್ನು 2025ರ ಹಬ್ಬದೂಟದಲ್ಲಿ ತೀರಿಸಬೇಕಾಗುತ್ತೆ. ಸ್ಟೋರೇಜ್ ಉದ್ಯಮ ಹೀಗೆ ಏರಿಳಿಯೋದು ಇದೇ ಮೊದಲಲ್ಲ, ಕೊನೆಯೂ ಅಲ್ಲ. ಮುಂದಿನ ಇಳಿತದಲ್ಲಿ ಯಾರು ಯಾವ ಷರತ್ತಿಗೆ ಸಹಿ ಹಾಕುತ್ತಾರೆ ಅನ್ನೋದೇ ಮುಖ್ಯ.

ನಮ್ಮಲ್ಲಿ ಹೀಗಾಗಲ್ವಾ?

ಸೆಬಿ ನಿಯಮಗಳಲ್ಲಿ ಒಂದು ತಡೆಗೋಡೆ ಇದೆ. ಪಟ್ಟಿಯಾದ ಕಂಪನಿ ಆಯ್ದವರಿಗೆ ಷೇರು ಅಥವಾ ವಾರಂಟ್ ಕೊಡುವಾಗ, ಹಿಂದಿನ 90 ಮತ್ತು 10 ವಹಿವಾಟು ದಿನಗಳ ಸರಾಸರಿಯಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ಆದರೆ ಗೋಡೆಗೂ ಕಿಂಡಿ ಇದೆ. ವಾರಂಟ್ ಪಡೆದವರು ಮೊದಲು ಶೇ. 25 ಕಟ್ಟಿದರೆ ಸಾಕು, ಉಳಿದದ್ದಕ್ಕೆ 18 ತಿಂಗಳ ಅವಕಾಶ. ಬೆಲೆ ಏರಿದರೆ ಹಳೇ ಬೆಲೆಗೆ ಷೇರು, ಬಿದ್ದರೆ ಕಟ್ಟಿದ್ದಷ್ಟನ್ನು ಬಿಟ್ಟು ನಡೆದರಾಯಿತು. ನಿಮಗೂ ನನಗೂ ಈ ಸೌಲಭ್ಯ ಯಾರೂ ಕೊಡಲ್ಲ.

ಡೈಲ್ಯೂಷನ್ ಅಂದ್ರೇನು ಅಂತ ಭಾರತದ ಸಣ್ಣ ಹೂಡಿಕೆದಾರನಿಗೆ ಚೆನ್ನಾಗಿ ಕಲಿಸಿದ್ದು ವೊಡಾಫೋನ್ ಐಡಿಯಾ. 2024ರ ಏಪ್ರಿಲ್‌ನಲ್ಲಿ 11 ರೂಪಾಯಿಯಂತೆ 18,000 ಕೋಟಿ ರೂಪಾಯಿಯ ಷೇರು ಮಾರಿತು. 2025ರಲ್ಲಿ ಕೇಂದ್ರ ಸರ್ಕಾರ 36,950 ಕೋಟಿ ಬಾಕಿಯನ್ನು 10 ರೂಪಾಯಿಯಂತೆ ಷೇರಾಗಿ ಬದಲಿಸಿಕೊಂಡಿತು. ಒಂದೇ ಏಟಿಗೆ 3,695 ಕೋಟಿ ಹೊಸ ಷೇರು! ಸರ್ಕಾರದ ಪಾಲು ಸುಮಾರು ಶೇ. 49ಕ್ಕೆ ಏರಿತು. ಸರ್ಕಾರ ಕೊಟ್ಟ ಬೆಲೆ ಅಂದಿನ ಮಾರುಕಟ್ಟೆ ಬೆಲೆಗಿಂತ ಹೆಚ್ಚೇ ಇತ್ತು, ಸಾಲದ ಹೊರೆಯೂ ತಗ್ಗಿತು. ಆದರೆ "5ಜಿ ಬಂದರೆ ಷೇರು ಹಾರುತ್ತೆ" ಅಂತ ಕಾಯುತ್ತಿದ್ದವರು ಒಂದನ್ನು ಮರೆತಿದ್ದರು: ನಾಳೆ ಲಾಭ ಬಂದರೂ ಅದನ್ನು ಹಂಚಬೇಕಾಗಿರೋದು ಒಂದು ಲಕ್ಷ ಕೋಟಿಗೂ ಹೆಚ್ಚು ಷೇರುಗಳ ನಡುವೆ ಅಲ್ಲದಿದ್ದರೂ, ಹತ್ತು ಸಾವಿರ ಕೋಟಿಗೂ ಹೆಚ್ಚು ಷೇರುಗಳ ನಡುವೆ.

ಕೊಳ್ಳುವ ಮುಂಚೆ

ಬೆಂಗಳೂರಿನ ಸ್ಟೋರೇಜ್ ಎಂಜಿನಿಯರ್‌ಗಳಿಗೆ ಇನ್ನೊಂದು ಮಾತು ಹೇಳಬೇಕು. ನಿಮಗೆ ಕಂಪನಿ ಕೊಡುವ ಷೇರೂ ಡೈಲ್ಯೂಷನ್ನೇ. ಅದನ್ನು ಕಟ್ಟುವವರು ಬೇರೆ ಷೇರುದಾರರು. ಅದು ದುಡಿಮೆಯ ಪ್ರತಿಫಲ, ತಪ್ಪೇನಿಲ್ಲ. ಆದರೆ ಸಂಬಳ, ಉಳಿತಾಯ, ಮನೆ ಸಾಲದ ಕಂತು ಮೂರೂ ಒಂದೇ ಕಂಪನಿಯ ಏರಿಳಿತಕ್ಕೆ ಗಂಟು ಬಿದ್ದಿದ್ದರೆ, 2023ರಂಥ ಇನ್ನೊಂದು ವರ್ಷ ಬಂದಾಗ ಮೂರೂ ಒಟ್ಟಿಗೆ ಅಲ್ಲಾಡುತ್ತವೆ.

ಉಳಿದವರಿಗೆ ಹೇಳೋದಿಷ್ಟು. ಪ್ರತಿ ತ್ರೈಮಾಸಿಕ ಫಲಿತಾಂಶದಲ್ಲಿ 'ಡೈಲ್ಯೂಟೆಡ್' ಷೇರು ಸಂಖ್ಯೆ ಅಂತ ಒಂದು ಸಾಲು ಇರುತ್ತೆ. ಮೂರು ವರ್ಷದ ಆ ಸಾಲುಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ಸಂಖ್ಯೆ ಏರಿದ್ದರೆ, ಬಂದ ಹಣ ಕಾರ್ಖಾನೆಗೆ ಹೋಯಿತಾ ಅಥವಾ ನಷ್ಟದ ಹೊಂಡ ತುಂಬಲು ಹೋಯಿತಾ ನೋಡಿ. ಪರಿವರ್ತನೀಯ ಪತ್ರ ಇದ್ದರೆ ಬೆಲೆ ನಿಗದಿಯೋ, ಮಾರುಕಟ್ಟೆಯ ಜೊತೆ ಇಳಿಯುವಂಥದ್ದೋ ಹುಡುಕಿ. ಇಳಿಯುವಂಥದ್ದು ಅಂತ ಕಂಡರೆ, ಡ್ರೈವ್ ಎಷ್ಟೇ ಚೆಂದ ಇರಲಿ, ಆ ಷೇರಿನ ಸಹವಾಸ ಬೇಡ.

ಮೂರನ್ನೂ ನೋಡಲು ಅರ್ಧ ಗಂಟೆ ಸಾಕು. ರಾಯ್ ಊರಿಗೆ ಹೋಗಿ ಕಾರು ಎಣಿಸಿ ಬರೋದಕ್ಕಿಂತ ಸುಲಭ.